ಹೆಸರು ಹೇಳದ ಮೇಡಂಗೆ ಧನ್ಯವಾದ

ಮೇಡಂ, ಹಳೆಯ ಫೋಟೋಗಳನ್ನು ಗುರುತಿಸಲು ನನಗೆ ನೆರವಾದಿರಿ, ಆದರೆ ಕೇಳಿದರೂ ನೀವು ಹೆಸರು ಹೇಳಲಿಲ್ಲ. ಅದಕ್ಕೇ ಎಲ್ಲರೆದುರು ಧನ್ಯವಾದ ಹೇಳುತ್ತಿದ್ದೇನೆ.

ಮೊದಲ ಮಹಾಯುದ್ಧದಲ್ಲಿ ಗಾಯಾಳುಗಳ ಆರೈಕೆಗೆ ನಿಂತ ಬ್ರಿಟನ್ನಿನ ವಿಎಡಿ (ವಾಲಂಟರಿ ಏಡ್ ಡಿಟ್ಯಾಚ್‌ಮೆಂಟ್, ಅಂದರೆ ಸ್ವಯಂಸೇವಾ ನೆರವು ಪಡೆ) ಸ್ವಯಂಸೇವಕಿಯರ ಬಗ್ಗೆ ಹುಡುಕುತ್ತಿದ್ದೆ. 1909ರಲ್ಲಿ ಶುರುವಾದ ಪಡೆ ಅದು. ಅದರಲ್ಲಿ ರೆಡ್ ಕ್ರಾಸ್‌ನವರದು ನೀಲಿ ಉಡುಪು, ಸೇಂಟ್ ಜಾನ್ ಎಂಬ ಪ್ರಥಮ ಚಿಕಿತ್ಸೆಯ ಸಂಸ್ಥೆಯವರದು ಬೂದು. ಆದರೆ ಕಪ್ಪು-ಬಿಳುಪು ಫೋಟೋದಲ್ಲಿ ಎರಡೂ ಒಂದೇ ಅಲ್ವಾ? ಬಣ್ಣ ಬಿಡಿ, ಗುರುತು ನೋಡಿ ಎಂದಿರಿ. ಏಪ್ರನ್ನಿನ ಎದೆಯ ಮೇಲೆ ಕಪ್ಪಾಗಿ ಕಾಣುವ ಶಿಲುಬೆ ಇದ್ದರೆ ರೆಡ್ ಕ್ರಾಸ್. ಎಂಟು ಮೊನೆಯ ಶಿಲುಬೆ ಕಂಡರೆ ಸೇಂಟ್ ಜಾನ್.

ಸುಮ್ನೆ ಹೇಳಿ ಹೋಗಲಿಲ್ಲ ನೀವು. ರೆಡ್ ಕ್ರಾಸ್ ಕಾಪಿಟ್ಟ ಸೇವಾ ಕಾರ್ಡುಗಳನ್ನು ಓದುವುದನ್ನೂ ಕಲಿಸಿದಿರಿ. ಅಡುಗೆ ಮಾಡಿದವರು, ಬಟ್ಟೆ ಹೊಲಿದವರು, ಆಂಬುಲೆನ್ಸ್ ಓಡಿಸಿದವರು ಎಲ್ಲ ಅಲ್ಲಿದ್ದಾರೆ. (ಎಲ್ಲರೂ ನರ್ಸುಗಳೇ ಅಂದುಕೊಳ್ಳುವವರೇ ಜಾಸ್ತಿ!) ನಿಮ್ಮ ತಾಳ್ಮೆಗೆ ದೊಡ್ಡ ನಮಸ್ಕಾರ.