ಒಂದೇ ಅಂಕಿಯಿಂದ ಸ್ಥಾನ ನಿರ್ಧಾರ ಸರಿಯಲ್ಲ

ಮಾನ್ಯ ಸಂಪಾದಕರೇ,

ಲಿನಕ್ಸ್, ಫ್ರೀಬಿಎಸ್‌ಡಿ, ಓಪನ್‌ಬಿಎಸ್‌ಡಿ ಮೊದಲಾದ ಮುಕ್ತ ಆಪರೇಟಿಂಗ್ ಸಿಸ್ಟಮ್‌ಗಳನ್ನು ಬಹು ಪ್ರೊಸೆಸರ್‌ಗಳ ಯಂತ್ರದಲ್ಲಿ ಹೋಲಿಸಿ ತಮ್ಮ ಪತ್ರಿಕೆ ಪ್ರಕಟಿಸಿದ ಲೇಖನವನ್ನು ಆಸಕ್ತಿಯಿಂದ ಓದಿದೆ. ಇಂಥ ವಿಷಯಕ್ಕೆ ಜಾಗ ಸಿಕ್ಕಿದ್ದು ಸಂತೋಷವೇ. ಆದರೆ ಪ್ರತಿ ವ್ಯವಸ್ಥೆಗೂ ಒಂದೊಂದೇ ಅಂಕಿ ಕೊಟ್ಟು ಸ್ಥಾನ ಹಂಚಿರುವ ಕ್ರಮಕ್ಕೆ ನನ್ನ ಆಕ್ಷೇಪವಿದೆ.

ಇಂಥ ಹೋಲಿಕೆಯಲ್ಲಿ ಓದುಗರಿಗೆ ತಿಳಿಯಬೇಕಾದ್ದು, ಕೋರ್‌ಗಳು (ಪ್ರೊಸೆಸರ್‌ನೊಳಗೆ ಬಿಡಿಬಿಡಿಯಾಗಿ ಕೆಲಸ ಮಾಡುವ ಘಟಕಗಳು) ಹೆಚ್ಚಿದಂತೆ ವೇಗ ಎಷ್ಟು ಏರುತ್ತದೆ, ಎಲ್ಲಿಗೆ ಬಂದು ನಿಲ್ಲುತ್ತದೆ ಎಂಬುದು. ಒಂದು ಕೆಲಸದ ಶೇ 5ರಷ್ಟು ಭಾಗ ಒಂದಾದ ಮೇಲೊಂದರಂತೆಯೇ ನಡೆಯಬೇಕಿದ್ದರೆ, ಆಮ್ಡಾಲ್ ನಿಯಮದ ಪ್ರಕಾರ 64 ಕೋರ್‌ಗಳಿದ್ದರೂ ವೇಗ ಹೆಚ್ಚುವುದು ಸುಮಾರು 15 ಪಟ್ಟು. ಕೋರ್ ಎಷ್ಟೇ ಸೇರಿಸಿದರೂ ಅದು 20 ಪಟ್ಟು ದಾಟದು. ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ನೊಳಗಿನ ಲಾಕ್‌ಗಳು, ಅಂದರೆ ಒಂದು ಸಲಕ್ಕೆ ಒಂದೇ ಪ್ರೊಸೆಸರ್‌ಗೆ ದಾರಿ ಬಿಡುವ ಬೀಗಗಳು, ಈ ಭಾಗವನ್ನು ಹಿಗ್ಗಿಸುತ್ತವೆ. 1996ರಲ್ಲಿ ಲಿನಕ್ಸ್ 2.0 ಬಹು ಪ್ರೊಸೆಸರ್‌ಗಳನ್ನು ಬಳಸಲು ಕಲಿತಾಗ ಇಡೀ ಕರ್ನಲ್‌ಗೆ ಇದ್ದದ್ದು ಒಂದೇ ದೊಡ್ಡ ಲಾಕ್. ಒಂದು ಪ್ರೊಸೆಸರ್ ಅದನ್ನು ಹಿಡಿದಿದ್ದರೆ ಕರ್ನಲ್‌ನ ಕೆಲಸವಿದ್ದ ಉಳಿದವು ಕಾಯಲೇಬೇಕಿತ್ತು. ವರ್ಷಗಟ್ಟಲೆ ಅದನ್ನು ಬಿಡಿಸುತ್ತಾ ಬಂದು, 2011ರ 2.6.39 ಆವೃತ್ತಿಯಲ್ಲಿ ಪೂರ್ತಿ ತೆಗೆದುಹಾಕಲಾಯಿತು. ‘ಜೈಂಟ್’ ಎಂಬ ಅಂಥದ್ದೇ ಲಾಕ್‌ನಿಂದ ಬಿಡಿಸಿಕೊಳ್ಳಲು ಫ್ರೀಬಿಎಸ್‌ಡಿ 2000ದಲ್ಲಿ ಕೈಹಾಕಿದ ಕೆಲಸದ ಫಲ ಢಾಳಾಗಿ ಕಂಡದ್ದು 2008ರ 7.0 ಆವೃತ್ತಿಯಲ್ಲಿ. ಆದರೆ ಅದೇ ಆವೃತ್ತಿಯಲ್ಲಿ ಮೆಮೊರಿ ಹಂಚಿಕೆಗೆ, ಕರ್ನಲ್‌ನ ಹೊರಗಿನ ಲೈಬ್ರರಿಯಲ್ಲಿ (ಪ್ರೋಗ್ರಾಂಗಳು ಬಳಸಿಕೊಳ್ಳುವ ಸಿದ್ಧ ಕೋಡ್‌ನಲ್ಲಿ), ಜೆಮ್ಯಾಲಾಕ್ ಎಂಬ ಹೊಸ ವ್ಯವಸ್ಥೆಯೂ ಬಂದಿತ್ತು. ಹಲವು ಥ್ರೆಡ್‌ಗಳ (ಏಕಕಾಲಕ್ಕೆ ಸಾಗುವ ಕೆಲಸದ ಎಳೆಗಳ) ಡೇಟಾಬೇಸ್ ಪರೀಕ್ಷೆಯಲ್ಲಿ ಕಾಣುವ ಏರಿಕೆಯಲ್ಲಿ ಕರ್ನಲ್‌ನ ಪಾಲೆಷ್ಟು, ಲೈಬ್ರರಿಯ ಪಾಲೆಷ್ಟು ಎಂದು ಬೇರ್ಪಡಿಸದೆ ಇಡೀ ಶ್ರೇಯವನ್ನು ಕರ್ನಲ್‌ಗೆ ಕೊಡುವುದು ಆತುರದ ತೀರ್ಪಾಗುತ್ತದೆ.

ಲೇಖನವು ಓಪನ್‌ಬಿಎಸ್‌ಡಿಯನ್ನು ಕೊನೆಯಲ್ಲಿಟ್ಟಿದೆ. ಅಲ್ಲಿ ದೊಡ್ಡ ಲಾಕ್‌ನ ಅಡಿಯಲ್ಲೇ ಸಾಗುವ ಕೆಲಸ ಇನ್ನೂ ಉಳಿದಿರುವುದು ನಿಜ. ಆದರೆ ಭದ್ರತೆಯ ಕಾರಣಕ್ಕೆ 2018ರಿಂದ ಆ ವ್ಯವಸ್ಥೆಯು ಹೈಪರ್‌ಥ್ರೆಡಿಂಗನ್ನು (ಒಂದೇ ಕೋರ್ ಎರಡು ಪ್ರೊಸೆಸರ್‌ಗಳಂತೆ ಕಾಣುವ ಸೌಲಭ್ಯವನ್ನು) ತಾನಾಗಿಯೇ ನಿಲ್ಲಿಸಿಡುತ್ತದೆ. ಉಳಿದವುಗಳಲ್ಲಿ ಅದು ಚಾಲೂ ಇದ್ದಿದ್ದರೆ ಹೋಲಿಸಿದ್ದು ಬೇರೆ ಬೇರೆ ಸಂಖ್ಯೆಯ ಪ್ರೊಸೆಸರ್‌ಗಳನ್ನು ಎಂದಾಗುತ್ತದೆ. ಹಾಗೆಯೇ, ಫ್ರೀಬಿಎಸ್‌ಡಿಯ ಅಭಿವೃದ್ಧಿ ಹಂತದ ಕರ್ನಲ್‌ನಲ್ಲಿ ಲಾಕ್‌ಗಳ ಕ್ರಮವನ್ನು ಪ್ರತಿ ಸಲವೂ ತಾಳೆ ನೋಡುವ ‘ವಿಟ್ನೆಸ್’ ಸೌಲಭ್ಯ ಚಾಲೂ ಇರುತ್ತದೆ. ದೋಷ ಹುಡುಕುವವರಿಗೆ ಅದು ವರ, ವೇಗ ಅಳೆಯುವವರಿಗೆ ಶುದ್ಧ ತಲೆನೋವು. ಪರೀಕ್ಷೆಗೆ ಬಳಸಿದ್ದು ಬಿಡುಗಡೆಯಾದ ಆವೃತ್ತಿಯೋ ಅಭಿವೃದ್ಧಿಯ ಆವೃತ್ತಿಯೋ ಎಂಬುದು ಲೇಖನದಲ್ಲಿ ಎಲ್ಲಿಯೂ ಇಲ್ಲ.

ಇನ್ನು, ಒಂದೇ ಕೋರ್ ದುಡಿಯುವಾಗ ಪ್ರೊಸೆಸರ್ ತನ್ನ ಗಡಿಯಾರದ ವೇಗವನ್ನು ಏರಿಸಿಕೊಳ್ಳುತ್ತದೆ, ಎಲ್ಲವೂ ದುಡಿಯುವಾಗ ತಗ್ಗಿಸುತ್ತದೆ. ಈ ಏರಿಳಿತವನ್ನು ತಡೆಯದೆ ಅಳೆದರೆ, ಯಂತ್ರಾಂಶದ ಇಳಿಕೆಯೂ ಆಪರೇಟಿಂಗ್ ಸಿಸ್ಟಮ್‌ನ ತಲೆಗೇ ಬರುತ್ತದೆ.

ಆದ್ದರಿಂದ ಲೇಖಕರು 1, 2, 4, 8 ಹೀಗೆ ಕೋರ್‌ಗಳನ್ನು ಏರಿಸುತ್ತಾ ಪಡೆದ ಅಂಕಿಗಳನ್ನು, ಆವೃತ್ತಿ, ಕಂಪೈಲರ್, ಫೈಲ್ ಸಿಸ್ಟಮ್ ಮತ್ತು ಹೈಪರ್‌ಥ್ರೆಡಿಂಗ್‌ನ ವಿವರಗಳೊಡನೆ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸಬೇಕೆಂದು ಕೋರುತ್ತೇನೆ.

ಇಂತಿ,
ಓರ್ವ ಓದುಗ