ಮಿತಿ ಇರಲಿ, ಲೆಕ್ಕವನ್ನೂ ತೋರಿಸಿ

ಮಾನ್ಯ ಸಂಪಾದಕರೆ,

ಉಚಿತ ಆನ್‌ಲೈನ್ ಸೇವೆಗಳಿಗೆ ಮಿತಿ ಹಾಕುವುದು ತಪ್ಪಲ್ಲ. ಸರ್ವರ್, ವಿದ್ಯುತ್, ಡಿಸ್ಕ್ ಯಾವುದೂ ಪುಕ್ಕಟೆ ಬರುವುದಿಲ್ಲ. ಜನರಿಗೆ ಸಿಟ್ಟು ಬರುವುದು, ಎಷ್ಟು ಬಳಸಿದೆವು, ಇನ್ನೆಷ್ಟು ಉಳಿದಿದೆ, ಮತ್ತೆ ಯಾವಾಗ ಸಿಗುತ್ತದೆ ಎಂಬ ಲೆಕ್ಕ ಎಲ್ಲೂ ಕಣ್ಣಿಗೆ ಬೀಳದಿರುವುದಕ್ಕೆ.

‘ದಿನಕ್ಕೆ ಹತ್ತು ಬಾರಿ’ ಎಂಬ ಸರಳ ಮಿತಿಯನ್ನೇ ನೋಡಿ. ಕೆಲವು ಸೇವೆಗಳಲ್ಲಿ ಎಣಿಕೆ ಮಧ್ಯರಾತ್ರಿ ಸೊನ್ನೆಗೆ ಬರುತ್ತದೆ. ಆ ಮಧ್ಯರಾತ್ರಿ ಬಳಕೆದಾರರ ಊರಿನದಲ್ಲ, ಕಂಪನಿ ಆರಿಸಿಕೊಂಡ ದೇಶದ್ದು. ಇನ್ನು ಕೆಲವು ಕಡೆ ಪ್ರತಿ ಬಾರಿಯೂ ಹಿಂದಿನ 24 ಗಂಟೆಗಳ ಬಳಕೆಯನ್ನು ಕೂಡಿಸಿ ನೋಡುತ್ತಾರೆ. ಅಲ್ಲಿ ಸಂಜೆ 6ಕ್ಕೆ ಒಂಬತ್ತು ಬಾರಿ ಬಳಸಿದವರಿಗೆ ಮರುದಿನ ಬೆಳಗ್ಗೆ ಸಿಗುವುದು ಒಂದೇ. ಉಳಿದವು ಸಂಜೆ 6 ಕಳೆದ ಮೇಲೆಯೇ. ‘ನಾಳೆ ಪ್ರಯತ್ನಿಸಿ’ ಎಂಬ ಸಂದೇಶದಿಂದ ಇದು ಯಾರಿಗೆ ತಿಳಿಯಬೇಕು?

ಲಾಗಿನ್ ಕೇಳದ ಸೇವೆಗಳು ಸಾಮಾನ್ಯವಾಗಿ ಐಪಿ ವಿಳಾಸ, ಅಂದರೆ ಇಂಟರ್‌ನೆಟ್ ಸಂಪರ್ಕವನ್ನು ಗುರುತಿಸುವ ಸಂಖ್ಯೆ, ನೋಡಿ ಎಣಿಸುತ್ತವೆ. ಮೊಬೈಲ್ ಜಾಲದಲ್ಲಿ, ಕಾಲೇಜಿನ ವೈಫೈನಲ್ಲಿ ನೂರಾರು ಮಂದಿ ಹೊರಜಗತ್ತಿಗೆ ಒಂದೇ ವಿಳಾಸವಾಗಿ ಕಾಣುತ್ತಾರೆ. ಹಾಗಾಗಿ ಆ ದಿನ ಒಮ್ಮೆಯೂ ಬಳಸದವರಿಗೂ ‘ನಿಮ್ಮ ಮಿತಿ ಮುಗಿದಿದೆ’ ಎಂಬ ಉತ್ತರ ಬರುತ್ತದೆ. ವೈಫೈ ಬಿಟ್ಟು ಮೊಬೈಲ್ ಡೇಟಾಕ್ಕೆ ಹೋದರೆ ಅಥವಾ ಲಾಗಿನ್ ಆದರೆ ಎಷ್ಟೋ ಸಲ ಇದು ಸರಿಹೋಗುತ್ತದೆ. ಮಿತಿ ಮೀರಿದಾಗ ಸರ್ವರ್ ಕಳಿಸುವ 429 ಎಂಬ ಸಂಕೇತ 2012ರಿಂದಲೇ ಇಂಟರ್‌ನೆಟ್‌ನ ಮಾನದಂಡದಲ್ಲಿದೆ. ಎಷ್ಟು ಸೆಕೆಂಡು ಕಾಯಬೇಕೆಂದು ಅದರ ಜೊತೆಗೇ ತಿಳಿಸಲು ಅವಕಾಶವೂ ಇದೆ. ಅಂದರೆ ತಾಂತ್ರಿಕ ಅಡ್ಡಿ ಏನೂ ಇಲ್ಲ, ಆ ಅಂಕಿಯನ್ನು ಪರದೆಯ ಮೇಲೆ ಮೂಡಿಸಿದರಾಯಿತು.

ಹೆಚ್ಚು ಜನ ಸಿಕ್ಕಿಬೀಳುವುದು ಶೇಖರಣೆಯ ಮಿತಿಯಲ್ಲಿ. ಗೂಗಲ್ ಉಚಿತವಾಗಿ ಕೊಡುವ 15 ಜಿಬಿಯನ್ನು ಜಿಮೇಲ್, ಡ್ರೈವ್, ಫೋಟೋಸ್ ಮೂರೂ ಹಂಚಿಕೊಳ್ಳುತ್ತವೆ. ಆಂಡ್ರಾಯ್ಡ್ ಫೋನಿನ ವಾಟ್ಸ್‌ಆ್ಯಪ್ ಬ್ಯಾಕಪ್ ಕೂಡ ಈಗ ಇದೇ ಖಾತೆಗೆ ಬೀಳುತ್ತದೆ. ತುಂಬಿದರೆ ಹೊಸ ಇಮೇಲ್ ಬರುವುದೇ ನಿಲ್ಲುತ್ತದೆ. ಆಗ ಗಾಬರಿಯಿಂದ ಹಳೆಯ ಫೋಟೋಗಳನ್ನು ಅಳಿಸುವವರೇ ಹೆಚ್ಚು. ಆದರೆ 2021ರ ಜೂನ್ 1ಕ್ಕಿಂತ ಮೊದಲು ‘ಹೈ ಕ್ವಾಲಿಟಿ’ ಎಂಬ, ಗಾತ್ರ ಕುಗ್ಗಿಸುವ ಆಯ್ಕೆಯಲ್ಲಿ ಗೂಗಲ್ ಫೋಟೋಸ್‌ಗೆ ಏರಿಸಿದ ಫೋಟೋಗಳು ಈ ಲೆಕ್ಕದಲ್ಲೇ ಇಲ್ಲ, ಅಳಿಸಿದರೆ ನೆನಪು ಹೋಯಿತೇ ಹೊರತು ಒಂದು ಎಂಬಿಯೂ ಸಿಗದು. ಮೊದಲು ಕೈಹಾಕಬೇಕಾದ್ದು ಬೇರೆ ಕಡೆ. ಕಂಪ್ಯೂಟರಿನಲ್ಲಿ ಜಿಮೇಲ್ ತೆರೆದು, ಹುಡುಕಾಟದ ಪಟ್ಟಿಯ ಬಲತುದಿಯ ಗುರುತು ಒತ್ತಿ, ಗಾತ್ರ 10 ಎಂಬಿಗಿಂತ ಹೆಚ್ಚು ಎಂದು ಕೊಟ್ಟರೆ ಭಾರದ ಪತ್ರಗಳೆಲ್ಲ ಸಾಲಾಗಿ ಬರುತ್ತವೆ. ಬೇಡದವನ್ನು ಅಳಿಸಿದ ಮೇಲೆ ಕಸದ ಬುಟ್ಟಿಯನ್ನೂ ಖಾಲಿ ಮಾಡಬೇಕು. ಇಲ್ಲದಿದ್ದರೆ ಅವು 30 ದಿನ ಅಲ್ಲೇ ಕುಳಿತು ಜಾಗ ತಿನ್ನುತ್ತವೆ. ವಾಟ್ಸ್‌ಆ್ಯಪ್‌ನ ಚಾಟ್ ಬ್ಯಾಕಪ್‌ನಲ್ಲಿ ವಿಡಿಯೊ ಸೇರಿಸುವ ಆಯ್ಕೆಯನ್ನು ಆಫ್ ಮಾಡಿ ಮತ್ತೆ ಬ್ಯಾಕಪ್ ತೆಗೆದರೆ ಇನ್ನಷ್ಟು ಜಾಗ ಬಿಡುಗಡೆಯಾಗುತ್ತದೆ.

ಇದನ್ನೆಲ್ಲ ಬಳಕೆದಾರರೇ ತಡಕಾಡಿ ಕಲಿಯಬೇಕಾಗಿ ಬಂದಿರುವುದು ಅನ್ಯಾಯ. ಉಳಿದ ಬಳಕೆಯ ಸಂಖ್ಯೆ ಗುಂಡಿಯ ಪಕ್ಕದಲ್ಲೇ, ಕೆಲಸ ಶುರುಮಾಡುವ ಮೊದಲೇ ಕಾಣಬೇಕು. ಮಿತಿ ಮುಗಿದರೂ ಅಲ್ಲಿಯವರೆಗೆ ಬರೆದದ್ದು ಪುಟದಲ್ಲೇ ಉಳಿಯಬೇಕು. ಈಗಂತೂ ದೀರ್ಘ ಬರಹವನ್ನು ಬೇರೆಡೆ ನಕಲಿಸಿಟ್ಟುಕೊಂಡೇ ಗುಂಡಿ ಒತ್ತುವುದು ಕ್ಷೇಮ. ಇಮೇಲ್ ಪೆಟ್ಟಿಗೆ ತುಂಬಿದಾಗ ದೊಡ್ಡ ಅಡಕಗಳನ್ನು (ಅಟ್ಯಾಚ್‌ಮೆಂಟ್) ಬೇಕಾದರೆ ತಡೆಯಲಿ, ಬರಿ ಅಕ್ಷರದ ಪತ್ರಗಳನ್ನು ತಡೆಯಬಾರದು. ಒಟಿಪಿ, ಕೆಲಸದ ಕರೆ, ಆಸ್ಪತ್ರೆಯ ವರದಿ ಬಂದಿದೆಯೆಂಬ ಸೂಚನೆ ಎಲ್ಲವೂ ಕೆಲವೇ ಕೆಬಿಯವು.

ಇಂತಿ,
ಓರ್ವ ಓದುಗ