ಐರಿಸ್ ನಮ್ಮ ಅಂಗಳದಲ್ಲೂ ಇದೆ, ಗುರುತು ಹಿಡಿಯಿರಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಕಾಶ್ಮೀರದ ವಸಂತದ ಫೋಟೊಗಳನ್ನು ಹಾಕಿದ್ದಿರಿ. ನೋಡಿ ಖುಷಿಯಾಯಿತು. ಆದರೆ ಗೋರಿಗಳ ನಡುವೆ ಅರಳಿದ್ದ ಆ ಬಿಳಿ ಹೂವಿನ ಕೆಳಗೆ 'ಕಾಡು ಆರ್ಕಿಡ್' ಅಂತ ಬರೆದಿತ್ತು. ಅದು ಐರಿಸ್. ಗೋರಿಗಳ ಮೇಲೆ ಬಿಳಿ ಐರಿಸ್ ನೆಡುವುದು ಅಲ್ಲಿನ ಹಳೆಯ ರೂಢಿ, ಆ ಜಾತಿಗೆ ಸಸ್ಯಶಾಸ್ತ್ರದವರು ಇಟ್ಟ ಹೆಸರೇ ಐರಿಸ್ ಕಾಶ್ಮೀರಿಯಾನಾ. ಅಷ್ಟು ಚಂದದ ಹೂವನ್ನು ಬೇರೆ ಯಾವುದೋ ಹೂವಿನ ಲೆಕ್ಕಕ್ಕೆ ಸೇರಿಸಿದರೆ ಬೇಜಾರಾಗುತ್ತದೆ, ಅದಕ್ಕೇ ಈ ಪತ್ರ.

ಐರಿಸ್ ಗುರುತು ಹಿಡಿಯುವುದು ಕಷ್ಟವೇನಲ್ಲ. ಮೂರು ಅಂತ ನೆನಪಿಟ್ಟುಕೊಂಡರೆ ಸಾಕು. ಮೂರು ಎಸಳು ಮೇಲಕ್ಕೆ ನಿಂತಿರುತ್ತವೆ, ಮೂರು ಕೆಳಕ್ಕೆ ಬಾಗಿರುತ್ತವೆ. ಕೇಸರಗಳೂ, ಅಂದರೆ ಪರಾಗ ಇರುವ ಗಂಡು ಭಾಗಗಳೂ ಮೂರೇ. ಲಿಲ್ಲಿಯಲ್ಲಿ ಕೇಸರ ಆರು ಇರುತ್ತವೆ. ಆರ್ಕಿಡ್‌ನಲ್ಲಿ ಎಣಿಸಲಿಕ್ಕೇ ಸಿಗುವುದಿಲ್ಲ, ಎಲ್ಲ ಸೇರಿ ನಡುವೆ ಒಂದೇ ಕಂಬ ಆಗಿರುತ್ತದೆ.

ಆಮೇಲೆ ಬಾಗಿದ ಎಸಳಿನ ಬುಡ ನೋಡಿ. ಅಲ್ಲಿ ಹಳದಿಯೋ ಬಿಳಿಯೋ ಕೂದಲಿನ ಒಂದು ಸಾಲು ಇದ್ದರೆ ಅದು ಗಡ್ಡದ ಐರಿಸ್. ಕಾಶ್ಮೀರದ ಆ ಬಿಳಿ ಹೂ ಇದೇ ಗುಂಪಿನದ್ದು. ಕೂದಲಿನ ಜಾಗದಲ್ಲಿ ಕೋಳಿ ಜುಟ್ಟಿನಂಥ ಏಣು ಎದ್ದಿದ್ದರೆ ಅದು ಇನ್ನೊಂದು ಗುಂಪು. ಎರಡೂ ಇಲ್ಲದೆ ಬರೀ ಬಣ್ಣದ ಗುರುತು ಇದ್ದರೆ ಜಪಾನಿ, ಸೈಬೀರಿಯನ್ ಐರಿಸ್‌ಗಳ ಕಡೆಯದ್ದು.

ಈ ಕೂದಲು, ಗುರುತು ಎಲ್ಲ ಜೇನುನೊಣಕ್ಕೆ ದಾರಿ ತೋರಿಸಲಿಕ್ಕೆ. ನೊಣ ಬಾಗಿದ ಎಸಳಿನ ಮೇಲೆ ಇಳಿದು ಒಳಗೆ ನುಗ್ಗುತ್ತದೆ. ಅಲ್ಲಿ ಶಲಾಕೆಯ (ಹೂವಿನ ಹೆಣ್ಣು ಭಾಗದ ದಂಟು) ಒಂದು ಕವಲು ಎಸಳಿನಷ್ಟೇ ಅಗಲವಾಗಿ ಮೇಲಿಂದ ಚಾಚಿಕೊಂಡಿರುತ್ತದೆ, ನಾವು ಅದನ್ನೂ ಎಸಳು ಅಂದುಕೊಂಡು ಬಿಡುತ್ತೇವೆ. ಆ ಕವಲಿನ ತುದಿಯಲ್ಲೊಂದು ಸಣ್ಣ ತುಟಿ. ನೊಣ ಒಳಗೆ ಹೋಗುವಾಗ ಅದರ ಬೆನ್ನಿಗೆ ಅಂಟಿಕೊಂಡ ಬೇರೆ ಹೂವಿನ ಪರಾಗವನ್ನು ಈ ತುಟಿ ಕೆರೆದುಕೊಳ್ಳುತ್ತದೆ. ಇನ್ನೂ ಒಳಗೆ ಹೋದರೆ ಕೇಸರ ಹೊಸ ಪರಾಗ ಬಳಿಯುತ್ತದೆ. ವಾಪಸ್ ಬರುವಾಗ ತುಟಿಯ ಅಂಟು ಬದಿ ನೊಣಕ್ಕೆ ತಾಗುವುದಿಲ್ಲ, ಹಾಗಾಗಿ ಆ ಪರಾಗ ಅಲ್ಲೇ ಅಂಟದೆ ಇನ್ನೊಂದು ಹೂವಿಗೆ ಹೋಗುತ್ತದೆ. ಒಂದೊಂದು ಹೂವಿನಲ್ಲೂ ಇಂಥ ಮೂರು ಬಾಗಿಲು. ಎಷ್ಟು ಅಚ್ಚುಕಟ್ಟು ಅಲ್ವಾ?

ಜಪಾನಿನವರು ಹೀಗೆ ಹತ್ತಿರ ಹೋಗಿ ನೋಡುವುದರಲ್ಲಿ ನಮಗಿಂತ ತುಂಬ ಮುಂದೆ. ಅಲ್ಲಿ ನೋಡಲು ಒಂದೇ ಥರ ಇರುವ ಮೂರು ನೇರಳೆ ಐರಿಸ್‌ಗಳಿವೆ. ಎಸಳಿನ ಬುಡದಲ್ಲಿ ಬಲೆ ಹೆಣೆದಂಥ ಗೆರೆಗಳಿದ್ದರೆ ಅದು ಅಯಾಮೆ, ಒಣ ನೆಲದಲ್ಲಿ ಬೆಳೆಯುತ್ತದೆ. ಬಿಳಿ ಗೆರೆ ಇದ್ದರೆ ಕಾಕಿತ್ಸುಬಾತಾ, ಇದು ನೀರಿನಲ್ಲೇ ನಿಲ್ಲುವ ಜಾತಿ. ಹಳದಿ ಗೆರೆ ಇದ್ದರೆ ಹನಾಶೋಬು, ಹಸಿ ನೆಲದ್ದು. ಒಂದು ಗೆರೆ ನೋಡಿ ಹೆಸರು ಹೇಳಬಹುದು.

ಈಗ ನಮ್ಮ ಊರಿನ ವಿಷಯಕ್ಕೆ ಬರುತ್ತೇನೆ. ಮೊಬೈಲಿನಲ್ಲಿ ಫೋಟೊ ನೋಡಿ ಐರಿಸ್ ಗಡ್ಡೆ ತರಿಸುವವರು ಉಡುಪಿ, ಮಂಗಳೂರಿನಲ್ಲಿ ಜಾಸ್ತಿಯಾಗಿದ್ದಾರೆ. ನಮ್ಮ ಪಕ್ಕದ ಮನೆಯ ಅಕ್ಕನೂ ತರಿಸಿದ್ದರು. ಎಲೆ ಬಂತು, ಜೂನ್ ಬಂತು, ಗಡ್ಡೆ ಕೊಳೆತು ಹೋಯಿತು. ಅವರ ಕೈಗುಣದ ತಪ್ಪಲ್ಲ ಅದು. ಗಡ್ಡದ ಐರಿಸ್‌ಗೆ ಹೂ ಕಟ್ಟಲು ಚಳಿಗಾಲದ ಥಂಡಿ ಬೇಕು, ಹೂ ಮುಗಿದ ಮೇಲೆ ಒಣಗಿದ ನೆಲದಲ್ಲಿ ವಿಶ್ರಾಂತಿ ಬೇಕು, ಗಡ್ಡೆಯ ಬೆನ್ನಿಗೆ ಬಿಸಿಲು ಬೀಳಬೇಕು. ವರ್ಷಕ್ಕೆ 3,500 ಮಿ.ಮೀ.ಗೂ ಜಾಸ್ತಿ ಮಳೆ ಸುರಿಯುವ, ಚಳಿಗಾಲ ಅಂದರೆ ಬೆಳಿಗ್ಗೆ ಒಂದಿಷ್ಟು ತಂಪು ಅಷ್ಟೇ ಇರುವ ಕರಾವಳಿಯಲ್ಲಿ ಇದೆಲ್ಲ ಎಲ್ಲಿಂದ ಬರಬೇಕು? ಮಾರುವವರು ಇದನ್ನು ಹೇಳುವುದಿಲ್ಲ. ಬೇಕಿದ್ದರೆ ಏಳು ಬಣ್ಣದ ಹೂವಿನ ಫೋಟೊ ಹಾಕುತ್ತಾರೆ, ಅಂಥ ಐರಿಸ್ ಎಲ್ಲೂ ಇಲ್ಲ.

ಹಾಗಂತ ನಮಗೆ ಐರಿಸ್ ಇಲ್ಲ ಅಂತ ಅಲ್ಲ. ಹಳೆಯ ಹಂಚಿನ ಮನೆಗಳ ಅಂಗಳದಲ್ಲಿ ಕಿತ್ತಳೆ ಬಣ್ಣಕ್ಕೆ ಕಡುಗೆಂಪು ಚುಕ್ಕಿ ಇರುವ ಪುಟ್ಟ ಹೂ ನೋಡಿರುತ್ತೀರಿ. ನರ್ಸರಿಯಲ್ಲಿ ಲೆಪರ್ಡ್ ಲಿಲ್ಲಿ ಅಥವಾ ಬ್ಲ್ಯಾಕ್‌ಬೆರಿ ಲಿಲ್ಲಿ ಅಂತ ಕೊಡುತ್ತಾರೆ. ಕೇಸರ ಎಣಿಸಿ, ಮೂರೇ. ಅದು ಅಪ್ಪಟ ಐರಿಸ್, ಹೆಸರು ಐರಿಸ್ ಡೊಮೆಸ್ಟಿಕಾ. ಇದರಲ್ಲಿ ಮಾತ್ರ ಆರೂ ಎಸಳು ಒಂದೇ ಥರ ಬಿಡಿಸಿಕೊಂಡಿರುತ್ತವೆ, ಅದಕ್ಕೇ ಎಲ್ಲರಿಗೂ ಗುರುತು ತಪ್ಪುತ್ತದೆ. ಗಿಡಗಳಿಗೆ ಶಾಸ್ತ್ರೀಯ ಹೆಸರಿಟ್ಟ ಲಿನೇಯಸ್‌ನಂಥವನೇ 1753ರಲ್ಲಿ ಇದನ್ನು ಆರ್ಕಿಡ್‌ಗಳ ಜೊತೆ ಸೇರಿಸಿದ್ದ. ಡಿಎನ್‌ಎ ನೋಡಿದ ಮೇಲೆ 2005ರಲ್ಲಿ ಐರಿಸ್ ಕುಲಕ್ಕೆ ಬಂತು. ಹೂವಿನ ಆಯುಸ್ಸು ಒಂದೇ ದಿನ. ಬಾಡುವಾಗ ಎಸಳುಗಳು ಒಗೆದ ಬಟ್ಟೆ ಹಿಂಡಿದ ಹಾಗೆ ಒಟ್ಟಿಗೆ ತಿರುಚಿಕೊಳ್ಳುತ್ತವೆ. ಆಮೇಲೆ ಕಾಯಿ ಒಡೆದು ಸಿಪ್ಪೆ ಹಿಂದಕ್ಕೆ ಸರಿಯುತ್ತದೆ, ಹೊಳೆಯುವ ಕಪ್ಪು ಬೀಜಗಳು ಉದುರದೆ ಅಲ್ಲೇ ಗೊಂಚಲಾಗಿ ನಿಲ್ಲುತ್ತವೆ. ನನಗಂತೂ ಹೂವಿಗಿಂತ ಆ ಬೀಜದ ಗೊಂಚಲೇ ಇಷ್ಟ.

ಮೂಲದಲ್ಲಿ ಇದು ಚೀನಾ ಕಡೆಯ ಗಿಡ. ಆದರೂ 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ 12 ಸಂಪುಟಗಳಾಗಿ ಅಚ್ಚಾದ, ಡಚ್ ಗವರ್ನರ್ ವಾನ್ ರೀಡ್ ಮಾಡಿಸಿದ, ಮಲಬಾರಿನ ಗಿಡಮರಗಳ ಪುಸ್ತಕ 'ಹೋರ್ಟಸ್ ಮಲಬಾರಿಕಸ್'ನಲ್ಲಿ ಇದರ ಚಿತ್ರ ಇದೆ. ಇದರ ಹಳೆಯ ಶಾಸ್ತ್ರೀಯ ಹೆಸರು ಬೆಲಮ್‌ಕಾಂಡಾ ಬಂದದ್ದೂ ಮಲಬಾರಿನ ಜನರ ಬಾಯಿಂದಲೇ. ಆ ಪುಸ್ತಕಕ್ಕೆ ನೆರವಾದವರಲ್ಲಿ ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ಎಂಬ ಕೊಂಕಣಿ ವೈದ್ಯರಿದ್ದರು, ಅವರ ಕೊಂಕಣಿ ಪತ್ರ ಆ ಪುಸ್ತಕದಲ್ಲೇ ನಾಗರಿ ಲಿಪಿಯಲ್ಲಿ ಅಚ್ಚಾಗಿದೆ. 300 ವರ್ಷಕ್ಕೂ ಹಿಂದೆಯೇ ನಮ್ಮ ಕರಾವಳಿಯವರು ಕಂಡ ಹೂ ಇದು.

ಇನ್ನೊಂದು ವಾಕಿಂಗ್ ಐರಿಸ್, ದಕ್ಷಿಣ ಅಮೆರಿಕದ್ದು. ಕುಲ ಬೇರೆ, ಕುಟುಂಬ ಐರಿಸ್‌ನದ್ದೇ. ಹೊರಗೆ ಮೂರು ಬಿಳಿ ಎಸಳು, ಒಳಗೆ ಮೂರು ನೀಲಿ ಎಸಳು ಹೊರಕ್ಕೆ ಸುರುಳಿ ಸುತ್ತಿಕೊಂಡು. ಪೂರ್ತಿ ಹಳದಿಯದ್ದೂ ಇದೆ. ಹೂ ಮುಗಿದ ಮೇಲೆ ದಂಟಿನ ತುದಿಯಲ್ಲಿ ಮರಿಗಿಡ ಹುಟ್ಟುತ್ತದೆ, ಭಾರಕ್ಕೆ ದಂಟು ಬಾಗಿ ನೆಲ ಮುಟ್ಟುತ್ತದೆ, ಅಲ್ಲೇ ಬೇರು ಬಿಡುತ್ತದೆ. ನಮ್ಮ ಮಳೆಗೆ ಇದಕ್ಕೆ ಏನೂ ಆಗುವುದಿಲ್ಲ.

ಹೂವಿಲ್ಲದಾಗ ಎಲೆ ನೋಡಿ ಬಜೆ ಅಂದುಕೊಳ್ಳುವವರಿದ್ದಾರೆ. ಮಕ್ಕಳಿಗೆ ತೇದು ನೆಕ್ಕಿಸುವ ಬಜೆಯ ಎಲೆಯನ್ನು ಉಜ್ಜಿದರೆ ಘಮ್ಮೆಂದು ವಾಸನೆ ಬರುತ್ತದೆ, ಐರಿಸ್ ಎಲೆಗೆ ಆ ವಾಸನೆ ಇಲ್ಲ. ಇದನ್ನು ಸುಮ್ನೆ ಹೇಳುತ್ತಿಲ್ಲ. ಐರಿಸ್ ಗಡ್ಡೆ ಹೊಟ್ಟೆಗೆ ಹೋದರೆ ವಾಂತಿ, ಭೇದಿ ಆಗಬಹುದು, ಆದ್ದರಿಂದ ಗೊತ್ತಿಲ್ಲದ ಗಿಡದ ಬೇರು ಕಿತ್ತು ಮಗುವಿಗೆ ಕೊಡಬೇಡಿ.

ಪಾಯಸಕ್ಕೆ ಹಾಕುವ ಕೇಸರಿಯೂ ಇದೇ ಕುಟುಂಬದ್ದು. ಆ ಕೆಂಪು ಎಳೆಗಳು ಹೂವಿನ ಶಲಾಕೆಯ ಕವಲುಗಳು, ಒಂದು ಹೂವಿಗೆ ಅಲ್ಲೂ ಮೂರೇ. ಮದುವೆ ಹಾಲ್‌ಗಳಲ್ಲಿ, ಇಗರ್ಜಿಗಳಲ್ಲಿ ಇಡುವ ಗ್ಲ್ಯಾಡಿಯೋಲಸ್ ಕೂಡ ಹತ್ತಿರದ ನೆಂಟನೇ.

ನಿಮ್ಮಲ್ಲಿ ಎರಡು ಕೋರಿಕೆ. ಆ ಫೋಟೊದ ತಿದ್ದುಪಡಿ ದಯವಿಟ್ಟು ಹಾಕಿ. ಹಾಗೇ ಕರಾವಳಿಯ ಈ ಐರಿಸ್‌ಗಳ ಫೋಟೊಗಳನ್ನು ಸರಿಯಾದ ಹೆಸರಿನೊಂದಿಗೆ ಒಮ್ಮೆ ಪ್ರಕಟಿಸಿ. ಕದ್ರಿ ಪಾರ್ಕಿನಲ್ಲಿ ಜನವರಿಯ ಫಲಪುಷ್ಪ ಪ್ರದರ್ಶನ ನಡೆಸುವವರು ಇವುಗಳ ನಾಲ್ಕು ಕುಂಡ ಇಟ್ಟು, ಹೆಸರಿನ ಫಲಕ ಹಾಕಿದರೆ ಇನ್ನೂ ಒಳ್ಳೆಯದು. ಗಿಡ ಬೇಕೆನ್ನುವವರು ಗಡ್ಡೆಗೆ ದುಡ್ಡು ಕಳೆಯುವ ಮೊದಲು ನೆರೆಕರೆಯಲ್ಲಿ ಕೇಳಿ. ವಾಕಿಂಗ್ ಐರಿಸ್ ಮರಿಗಳನ್ನು ಮಳೆ ಶುರುವಾದ ಕೂಡಲೇ, ನೀರು ನಿಲ್ಲದ ನೆರಳಿನಲ್ಲಿ ನೆಟ್ಟರೆ ಸುಲಭವಾಗಿ ಹಿಡಿಯುತ್ತವೆ.

– ನಿಮ್ಮ ಓದುಗಿ, ಉಡುಪಿ